ಗಂಗೆಗೆ ಕಟ್ಟಿದ ಸೇತುವೆ



ಈ ಹೊತ್ತು ನಾನು ತಮ್ಮೊಡನೆ ಮಾತನಾಡಬೇಕೆಂದಿರುವುದು ಒಂದು ಸೇತುವೆಯ ವಿಚಾರ. ಬಿಹಾರದ ರಾಜಧಾನಿಯಾದ ಪಾಟ್ನಾ ನಗರದಿಂದ ಎದುರು ದಡದ ಹಾಜಿಪುರದವರೆಗೆ, ಗಂಗಾನದಿಗೆ ಅಡ್ಡಲಾಗಿ ಕಟ್ಟಿರುವ ರಸ್ತೆಯ ಸೇತುವೆ ಅದು. ಅದರ ಹೆಸರು ಮಹಾತ್ಮಾ ಗಾಂಧಿ ಸೇತು. 1972ರಲ್ಲಿ ಕೆಲಸವು ಮೊದಲಾಗಿ, 1982ನೆಯ ಇಸವಿಯ ಮೇ ತಿಂಗಳಲ್ಲಿ ಆಗಿನ ಪ್ರಧಾನಮಂತ್ರಿಗಳಾಗಿದ್ದ ಶ್ರೀಮತಿ ಇಂದಿರಾ ಗಾಂಧಿಯವರು ಅದನ್ನು ಜನರ ಬಳಕೆಗೆ ತೆರೆದುಕೊಟ್ಟರು. ಉದ್ದವು ಐದೂವರೆ ಕಿಲೋಮೀಟರಿಗೆ ಮೇಲೆ, ಅಂದರೆ ಸುಮಾರು ಮೂರೂವರೆ ಮೈಲಿ. 2017ರಲ್ಲಿ ಅಸ್ಸಾಮಿನಲ್ಲಿ ಧೋಲಾ-ಸದಿಯಾ ಸೇತುವೆಯು ಬರುವವರೆಗೂ, ನದಿಯೊಂದನ್ನು ದಾಟುವ ಇಷ್ಟು ಉದ್ದದ ಸೇತುವೆಯು ನಮ್ಮ ದೇಶದಲ್ಲಿ ಮತ್ತೊಂದಿರಲಿಲ್ಲ.

ಉದ್ದದಲ್ಲಿ ಮೊದಲನೆಯದು, ವೆಚ್ಚದಲ್ಲಿ ಮೊದಲನೆಯದು ಎಂಬ ಕಾರಣಕ್ಕಾಗಿ ನಾನು ಈ ವಿಷಯವನ್ನು ಆರಿಸಿಕೊಂಡಿಲ್ಲ. ಈ ಸೇತುವೆಯ ಚರಿತ್ರೆಯಲ್ಲಿ ಒಂದು ವಿಶೇಷವಿದೆ. ತೆರೆದ 35 ವರ್ಷಗಳಿಗೆ ಅದರ ಮೇಲ್ಭಾಗವನ್ನೆಲ್ಲ ಕಳಚಿ ತೆಗೆಯಲು ಪ್ರಾರಂಭಿಸಬೇಕಾಯಿತು. ನೀರಿನೊಳಗಿನ ಅಡಿಪಾಯವು ಹಾಗೆಯೇ ಉಳಿಯಿತು. ಗಾಳಿ ಬೆಳಕಿನಲ್ಲಿದ್ದ ಭಾಗವು ಸೋತಿತು. ಗಂಗೆಯನ್ನು ಗೆದ್ದ ಇಂಜನಿಯರುಗಳು ತಮ್ಮದೇ ಕಾಂಕ್ರೀಟಿನ ಮುಂದೆ ಸೋತುದು ಹೇಗೆ, ಆ ಸೋಲಿನಲ್ಲಿ ನಮ್ಮಂಥ ಸಾಮಾನ್ಯ ನಾಗರಿಕರ ಪಾಲು ಎಷ್ಟು, ಎಂಬುದನ್ನು ವಿಚಾರ ಮಾಡುವುದು ಉಪಯುಕ್ತವೆಂದು ನನಗೆ ತೋರುತ್ತದೆ.

ಮೊದಲು ನದಿಯ ಮಾತು. ನಮ್ಮ ಕನ್ನಡ ನಾಡಿನ ನದಿಗಳನ್ನು ಕಂಡು ಬೆಳೆದವರಿಗೆ ಗಂಗೆಯ ಸ್ವಭಾವವು ಸುಲಭವಾಗಿ ಮನಸ್ಸಿಗೆ ಬರುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಟ್ಟಿರುವ ವೆಲ್ಲೆಸ್ಲಿ ಸೇತುವೆಯನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಅದು ಮುಗಿಯಿತು. ಕಲ್ಲಿನ ಕಂಬಗಳು, ಕಂಬಗಳ ಮೇಲೆ ಕಲ್ಲಿನ ಬೋದಿಗೆಗಳು, ಅವುಗಳ ಮೇಲೆ ಕಲ್ಲಿನ ತೊಲೆಗಳು. ಹೆಚ್ಚುಕಡಮೆ ನಮ್ಮ ದೇವಾಲಯದ ಮಂಟಪವನ್ನೇ ನೀಳವಾಗಿ ಎಳೆದು ಹೊಳೆಯ ಮೇಲೆ ನಿಲ್ಲಿಸಿದಂತೆ ಅದರ ರಚನೆ. ಅಷ್ಟು ಸರಳವಾದ ಕಟ್ಟಡವು ಎಷ್ಟೋ ಪ್ರವಾಹಗಳನ್ನು ತಡೆದುಕೊಂಡು ನಿಂತಿತು. ಅದಕ್ಕೆ ಕಾರಣವು ಕಟ್ಟಿದವರ ಕೈಚಳಕ ಮಾತ್ರವಲ್ಲ, ಕಾವೇರಿಯ ತಳದಲ್ಲಿರುವ ಬಂಡೆ. ಕಂಬಕ್ಕೆ ನಿಲ್ಲಲು ನೆಲವಿತ್ತು.

ಗಂಗೆಗೆ ಅಂತಹ ನೆಲವಿಲ್ಲ. ಹಿಮಾಲಯವನ್ನು ಸವೆಸಿ ತಂದ ಮರಳು ಮತ್ತು ಮೆಕ್ಕಲು ಮಣ್ಣು ಲಕ್ಷಾಂತರ ವರ್ಷಗಳಿಂದ ಆ ಬಯಲಿನಲ್ಲಿ ಪದರಪದರವಾಗಿ ಬಿದ್ದಿದೆ. ಪಾಟ್ನಾದ ಬಳಿ ನದಿಯ ತಳವನ್ನು ಎಷ್ಟು ಅಗೆದರೂ ಸೇತುವೆಯ ಕಂಬಕ್ಕೆ ದೊರಕುವುದು ಮರಳು ಮತ್ತು ಜೇಡಿಯೇ. ಇದರ ಮೇಲೆ ಪಾಟ್ನಾಕ್ಕೆ ಬರುವ ವೇಳೆಗೆ ಪಶ್ಚಿಮದಿಂದ ಘಾಘ್ರಾ ಮತ್ತು ಶೋಣ ನದಿಗಳು ಗಂಗೆಯನ್ನು ಸೇರಿರುತ್ತವೆ. ಹಾಜಿಪುರದ ಮಗ್ಗುಲಲ್ಲಿಯೇ ಗಂಡಕಿಯೂ ಬಂದು ಕೂಡುತ್ತದೆ. ಮಳೆಗಾಲದಲ್ಲಿ ಇವೆಲ್ಲವೂ ಒಟ್ಟಾಗಿ ತರುವ ನೀರಿನ ಮೊತ್ತವನ್ನು ಊಹಿಸುವುದೂ ಕಷ್ಟ.

ಇಂತಹ ನದಿಯು ಎರಡು ವಿಧದಲ್ಲಿ ಇಂಜನಿಯರನನ್ನು ಪರೀಕ್ಷಿಸುತ್ತದೆ. ಒಂದು, ಅದು ಪಕ್ಕಕ್ಕೆ ಸರಿಯುತ್ತದೆ. ಈ ವರ್ಷ ದಕ್ಷಿಣದ ದಡವನ್ನು ಒರೆಸಿಕೊಂಡು ಹರಿದ ಪ್ರವಾಹವು ಕೆಲವು ವರ್ಷಗಳಲ್ಲಿ ಉತ್ತರಕ್ಕೆ ಸರಿದು ಹಳ್ಳಿಗಳನ್ನು ನುಂಗಬಹುದು. ಎರಡು ಪ್ರವಾಹಗಳ ನಡುವೆ ಏಳುವ ಮೆಕ್ಕಲು ನೆಲಕ್ಕೆ ಅಲ್ಲಿನವರು ದಿಯಾರಾ ಎನ್ನುತ್ತಾರೆ. ಅಲ್ಲಿ ಮನೆ ಕಟ್ಟುತ್ತಾರೆ, ಬೆಳೆ ಇಡುತ್ತಾರೆ, ನದಿಯು ಕೇಳಿದ ವರ್ಷ ಬಿಟ್ಟು ಹೊರಡುತ್ತಾರೆ. ಎರಡನೆಯದು, ನದಿಯು ಕೆಳಕ್ಕೂ ಕೊರೆಯುತ್ತದೆ. ಪ್ರವಾಹವು ಏರಿದಂತೆ ತಳದ ಮರಳೂ ನೀರಿನೊಡನೆ ಹೊರಡುತ್ತದೆ. ಕಂಬವೊಂದು ಅಡ್ಡ ನಿಂತಿದ್ದರೆ ಅದರ ಬುಡದಲ್ಲಿ ಸುಳಿಯು ಏರ್ಪಟ್ಟು ಆಳವಾದ ಗುಂಡಿಯಾಗುತ್ತದೆ. ನೀರು ಇಳಿಯುವಾಗ ಅದೇ ಗುಂಡಿಯು ಮರಳಿನಿಂದ ಮತ್ತೆ ತುಂಬಿಕೊಳ್ಳುತ್ತದೆ. ಬೇಸಗೆಯಲ್ಲಿ ಬಂದು ನೋಡಿದವನಿಗೆ ಏನೂ ಆಗಿಲ್ಲವೆಂದೇ ತೋರುವುದು.

ಇಂತಹ ನದಿಗಳಿಗೂ ಒಂದು ಲೆಕ್ಕವುಂಟೆಂಬುದನ್ನು ಭಾರತದ ನೀರಾವರಿ ಇಲಾಖೆಗಳ ಇಂಜನಿಯರುಗಳು ಕಾಲುವೆಗಳನ್ನು ಅಳೆದು ಅಳೆದು ಕಂಡುಕೊಂಡರು. ಜೆರಾಲ್ಡ್ ಲೇಸಿ ಎಂಬುವರು 1930ರಲ್ಲಿ ಪ್ರಕಟಿಸಿದ ಸೂತ್ರವು ಇಂದಿಗೂ ನಮ್ಮ ಸೇತುವೆಗಳ ಲೆಕ್ಕದಲ್ಲಿ ಬಳಕೆಯಲ್ಲಿದೆ. ಮೆಕ್ಕಲು ನೆಲದಲ್ಲಿ ಹರಿಯುವ ನೀರು ತನಗೆ ಬೇಕಾದ ಅಗಲವನ್ನು ತಾನೇ ಮಾಡಿಕೊಳ್ಳುತ್ತದೆ. ಆ ಅಗಲವು ನೀರಿನ ಮೊತ್ತದ ವರ್ಗಮೂಲವನ್ನು ಅನುಸರಿಸುತ್ತದೆ ಎಂಬುದು ಅದರ ತಾತ್ಪರ್ಯ. ಒಂದು ಸೆಕೆಂಡಿಗೆ 22,50,000 ಘನ ಅಡಿ ನೀರು ಹರಿಯುವ ಪ್ರವಾಹವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಆ ಸಂಖ್ಯೆಯ ವರ್ಗಮೂಲವು 1,500. ಅದನ್ನು 2.67ರಿಂದ ಗುಣಿಸಿದರೆ ಸುಮಾರು 4,000 ಅಡಿ, ಅಂದರೆ ಮುಕ್ಕಾಲು ಮೈಲಿ. ಅಷ್ಟು ದೊಡ್ಡ ಪ್ರವಾಹಕ್ಕೆ ನಿಜವಾಗಿ ಬೇಕಾದ ದಾರಿಯು ಇಷ್ಟೇ. ಉಳಿದ ಅಗಲವೆಲ್ಲ ನದಿಯ ಅಲೆದಾಟಕ್ಕೆ ಬೇಕಾದುದು.

ಆದುದರಿಂದ ಸೇತುವೆಯನ್ನು ಕಟ್ಟುವವನು ಮೊದಲು ಹುಡುಕುವುದು ನದಿಯು ಅಲೆದಾಡದೆ ನಿಂತ ಸ್ಥಳವನ್ನು. ಗಟ್ಟಿಯಾದ ಜೇಡಿಯ ದಡವು ಒಂದು ಕಡೆಯಲ್ಲಾದರೂ ನದಿಯನ್ನು ಹಿಡಿದು ನಿಲ್ಲಿಸಿರಬೇಕು. ಈ ಸಂದರ್ಭದಲ್ಲಿ ನಮ್ಮವರೇ ಆದ ಒಬ್ಬ ಮಹನೀಯರನ್ನು ಸ್ಮರಿಸಬೇಕು. ಸ್ವಾತಂತ್ರ್ಯಾನಂತರ ಬಿಹಾರದಲ್ಲಿ ಗಂಗೆಗೆ ಸೇತುವೆಯನ್ನು ಎಲ್ಲಿ ಕಟ್ಟಬೇಕೆಂಬ ಪ್ರಶ್ನೆಯು ಎದ್ದಾಗ, ಊರೂರಿಗೂ ತನ್ನಲ್ಲಿಯೇ ಆಗಬೇಕೆಂಬ ಆಸೆ ಇತ್ತು. ಆ ವಿವಾದವನ್ನು ಬಗೆಹರಿಸಲು ಆರಿಸಿದುದು ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಆಗ ಅವರಿಗೆ ತೊಂಬತ್ತು ವರ್ಷ ದಾಟಿದ್ದಿತು. ಪಾಟ್ನಾಕ್ಕೆ ಪೂರ್ವದಲ್ಲಿ ಸುಮಾರು 90 ಕಿಲೋಮೀಟರು ದೂರದ ಮೊಕಾಮಾದ ಸ್ಥಳವು ಅವರ ಸಲಹೆಯ ಆಧಾರದ ಮೇಲೆ ನಿಶ್ಚಯವಾಯಿತು. ಮೇಲೆ ರಸ್ತೆ, ಕೆಳಗೆ ರೈಲುದಾರಿಯುಳ್ಳ, ಸುಮಾರು ಎರಡು ಕಿಲೋಮೀಟರು ಉದ್ದದ ಉಕ್ಕಿನ ರಾಜೇಂದ್ರ ಸೇತುವು 1959ರಲ್ಲಿ ಅಲ್ಲಿ ಸಂಚಾರಕ್ಕೆ ತೆರೆಯಿತು. ಬಿಹಾರದಲ್ಲಿ ಗಂಗೆಯ ಎರಡು ದಡಗಳನ್ನು ಜೋಡಿಸಿದ ಮೊದಲ ಸೇತುವೆ ಅದೇ. ಅದು ಮುಗಿದುದನ್ನು ಕೇಳಲು ವಿಶ್ವೇಶ್ವರಯ್ಯನವರು ಇನ್ನೂ ನಮ್ಮೊಡನೆ ಇದ್ದರು.

ಮೊಕಾಮಾದಲ್ಲಿ ಎರಡು ಕಿಲೋಮೀಟರಿನಲ್ಲಿ ಮುಗಿದ ಕೆಲಸಕ್ಕೆ ಪಾಟ್ನಾದಲ್ಲಿ ಐದೂವರೆ ಏಕೆ ಬೇಕಾಯಿತು ಎಂದು ತಾವು ಕೇಳಬಹುದು. ರೈಲು ಸೇತುವೆಯು ತನಗೆ ಅನುಕೂಲವಾದ ಸ್ಥಳವನ್ನು ಹುಡುಕಿಕೊಂಡು ಹೋಗಬಲ್ಲದು; ರೈಲೂ ಅದನ್ನು ಹುಡುಕಿಕೊಂಡು ಸುತ್ತು ಹಾಕಬಲ್ಲದು. ರಸ್ತೆಯ ಸೇತುವೆಯ ಸ್ಥಿತಿ ಬೇರೆ. ಅದು ಜನರಿರುವಲ್ಲಿಗೆ ಬರಬೇಕು. ಉತ್ತರ ಬಿಹಾರದ ರೈತನಿಗೆ, ವ್ಯಾಪಾರಿಗೆ, ರೋಗಿಗೆ, ವಿದ್ಯಾರ್ಥಿಗೆ ಬೇಕಾದ ನಗರವು ಪಾಟ್ನಾ. ಪಾಟ್ನಾದವರಿಗೆ ಹಾಜಿಪುರದ ಪ್ರಸಿದ್ಧವಾದ ಬಾಳೆಯಹಣ್ಣಿನಿಂದ ಮೊದಲುಗೊಂಡು ಎಷ್ಟೋ ಪದಾರ್ಥಗಳು ಆಚೆಯ ದಡದಿಂದ ಬರಬೇಕು. ಸೇತುವೆಗೆ ಮುಂಚೆ ಅವರೆಲ್ಲರೂ ಪಾಟ್ನಾದ ಮಹೇಂದ್ರೂ ಘಾಟಿಗೂ ಎದುರಿನ ಪಹಲೇಜಾ ಘಾಟಿಗೂ ನಡುವೆ ಓಡಾಡುವ ಹೊಗೆಹಡಗನ್ನು ಕಾದಿರಬೇಕಾಗಿತ್ತು. ಮಂಜು ಕವಿದರೆ ತಡ. ಪ್ರವಾಹ ಬಂದರೆ ತಡ. ಬೇಸಗೆಯಲ್ಲಿ ನೀರು ಇಳಿದರೆ ಮರಳಿನಲ್ಲಿ ಬಹುದೂರ ನಡಿಗೆ. ರಾಜಧಾನಿಯು ಕಣ್ಣೆದುರಿನಲ್ಲಿಯೇ ಇದ್ದರೂ ಪ್ರಯಾಣವು ದಿನದ ಕೆಲಸವಾಗುತ್ತಿತ್ತು. ಈ ಕಷ್ಟವನ್ನು ನೀಗಬೇಕಾದರೆ ನದಿಯು ಎಷ್ಟು ಅಗಲವಾಗಿದ್ದರೂ, ನಡುವೆ ದಿಯಾರಾ ಇದ್ದರೂ, ನಗರದ ಬಳಿಯಲ್ಲಿಯೇ ದಾಟಬೇಕಾಗಿದ್ದಿತು.

ಇನ್ನು ಕಟ್ಟುವ ಕ್ರಮ. ಮೆಕ್ಕಲು ನದಿಗಳ ಸೇತುವೆಗೆ ನಮ್ಮ ದೇಶದಲ್ಲಿ ರೂಢಿಯಾಗಿರುವುದು ಬಾವಿಯ ಅಡಿಪಾಯ. ಮರಳು ನೆಲದಲ್ಲಿ ಕುಡಿಯುವ ನೀರಿನ ಬಾವಿಯನ್ನು ತೋಡುವವರು ಸುಟ್ಟ ಮಣ್ಣಿನ ಬಳೆಗಳನ್ನು ಒಂದರ ಮೇಲೊಂದು ಇಟ್ಟು, ಒಳಗಿನ ಮರಳನ್ನು ತೆಗೆಯುತ್ತ ತೆಗೆಯುತ್ತ, ಬಳೆಗಳು ತಾವಾಗಿ ಇಳಿಯುವಂತೆ ಮಾಡುವುದುಂಟು. ಸೇತುವೆಯ ಬಾವಿಯ ತತ್ವವೂ ಅದೇ. ಗಾತ್ರ ಮಾತ್ರ ಬೇರೆ. ಬೇಸಗೆಯಲ್ಲಿ ನೀರು ಕಡಮೆಯಾದಾಗ ನದಿಯ ಪಾತ್ರದಲ್ಲಿ ಮರಳಿನ ದಿಬ್ಬವನ್ನು ಮಾಡುತ್ತಾರೆ. ಅದರ ಮೇಲೆ ಉಕ್ಕಿನ ಹರಿತವಾದ ಅಂಚುಳ್ಳ ದೊಡ್ಡ ಬಳೆಯನ್ನಿಟ್ಟು, ಅದರ ಮೇಲೆ ಹಲವು ಅಡಿ ದಪ್ಪದ ಕಾಂಕ್ರೀಟಿನ ಗೋಡೆಯನ್ನು ಎಬ್ಬಿಸುತ್ತಾರೆ. ಒಳಗಿನಿಂದ ಯಂತ್ರದ ಬಾಚುತೊಟ್ಟಿಯು ಮಣ್ಣನ್ನು ಕಚ್ಚಿ ಮೇಲಕ್ಕೆ ತರುತ್ತದೆ. ತನ್ನ ಭಾರದಿಂದಲೇ ಬಾವಿಯು ಇಳಿಯುತ್ತದೆ. ಇಳಿದಷ್ಟೂ ಮೇಲೆ ಗೋಡೆಯನ್ನು ಬೆಳೆಸುತ್ತಾರೆ.

ಕೇಳುವುದಕ್ಕೆ ಸುಲಭವಾದ ಈ ಕೆಲಸದಲ್ಲಿ ಎಷ್ಟು ಅಪಾಯಗಳಿವೆಯೆಂಬುದನ್ನು ನೋಡಿ. ಒಂದು ಪಾರ್ಶ್ವದಲ್ಲಿ ಗಟ್ಟಿ ಜೇಡಿ, ಇನ್ನೊಂದು ಪಾರ್ಶ್ವದಲ್ಲಿ ಸಡಿಲ ಮರಳು ಇದ್ದರೆ ಬಾವಿಯು ವಾಲುತ್ತದೆ. ವಾಲಿದುದನ್ನು ನೆಟ್ಟಗೆ ಮಾಡಲು ಎತ್ತರವಾದ ಕಡೆಯಲ್ಲಿ ಹೆಚ್ಚು ಅಗೆಯಬೇಕು, ಮೇಲೆ ಭಾರವನ್ನು ಹೇರಬೇಕು. ಒಂದೊಂದು ವೇಳೆ ಬಾವಿಯು ದಿನಗಟ್ಟಲೆ ಕದಲದೆ ನಿಂತು, ಒಮ್ಮೆಗೇ ಹಲವು ಅಡಿ ಕುಸಿಯುವುದೂ ಉಂಟು. ಕಾಲವೂ ಕಾಯುವುದಿಲ್ಲ. ನವೆಂಬರಿನಿಂದ ಮೇ ತಿಂಗಳವರೆಗೆ ಮಾತ್ರ ನದಿಯಲ್ಲಿ ಕೆಲಸ. ಅಷ್ಟರೊಳಗೆ ಬಾವಿಯು ಕೊರೆತಕ್ಕೆ ಎಟುಕದ ಆಳವನ್ನು ಮುಟ್ಟಿರಬೇಕು. ಇಲ್ಲವಾದರೆ ಮಳೆಗಾಲದ ಮೊದಲ ಪ್ರವಾಹವೇ ಅದನ್ನು ಉರುಳಿಸೀತು. ಗಂಗೆಯ ಕೆಳಭಾಗವಾದ ಪದ್ಮಾ ನದಿಯಲ್ಲಿ 1915ರಲ್ಲಿ ತೆರೆದ ಹಾರ್ಡಿಂಜ್ ರೈಲು ಸೇತುವೆಗೆ ನೀರಿನ ಕೆಳಮಟ್ಟದಿಂದ ಸುಮಾರು 150 ಅಡಿಗಳ ಆಳಕ್ಕೆ ಬಾವಿಗಳನ್ನು ಇಳಿಸಿದ್ದರೆಂದರೆ ಈ ಕೆಲಸದ ಪ್ರಮಾಣವು ತಿಳಿಯುತ್ತದೆ. ಅಪೇಕ್ಷಿಸಿದ ಆಳವು ದೊರೆತ ಮೇಲೆ ತಳವನ್ನು ನೀರಿನೊಳಗೇ ಕಾಂಕ್ರೀಟಿನಿಂದ ಮುಚ್ಚಿ, ನಡುವೆ ಮರಳು ತುಂಬಿ, ಮೇಲೆ ದಪ್ಪನಾದ ಮುಚ್ಚಳವನ್ನು ಹಾಕಿ, ಅದರ ಮೇಲೆ ಕಂಬವನ್ನು ಎಬ್ಬಿಸುತ್ತಾರೆ. ಪಾಟ್ನಾದಲ್ಲಿ ಈ ಕೆಲಸವು ಚೆನ್ನಾಗಿ ನಡೆಯಿತೆನ್ನುವುದಕ್ಕೆ ಆ ಬಾವಿಗಳು ಇಂದಿಗೂ ಅಲ್ಲಿಯೇ ಭಾರ ಹೊತ್ತು ನಿಂತಿರುವುದೇ ಸಾಕ್ಷಿ.

ಕಂಬಗಳ ಮೇಲಿನ ಕೆಲಸದಲ್ಲಿ ಆಗಿನ ಕಾಲಕ್ಕೆ ಹೊಸದಾಗಿದ್ದ ವಿಧಾನವನ್ನು ಅನುಸರಿಸಿದರು. ಅದನ್ನು ತಿಳಿಯುವುದಕ್ಕೆ ನಮ್ಮ ಹಳ್ಳಿಯ ಬಡಗಿ ಕಮ್ಮಾರರ ಒಂದು ಕೆಲಸವನ್ನು ನೆನಪಿಗೆ ತಂದುಕೊಳ್ಳಬೇಕು. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಹಾಕುವಾಗ, ಪಟ್ಟಿಯನ್ನು ಚಕ್ರಕ್ಕಿಂತ ಸ್ವಲ್ಪ ಕಿರಿದಾಗಿಯೇ ಮಾಡಿ, ಕೆಂಪಗೆ ಕಾಯಿಸಿ, ಹಿಗ್ಗಿದ ಪಟ್ಟಿಯನ್ನು ಮರದ ಸುತ್ತ ತೊಡಿಸಿ ನೀರು ಸುರಿಯುತ್ತಾರೆ. ತಣಿದ ಪಟ್ಟಿಯು ಕುಗ್ಗಿ ಚಕ್ರದ ತುಂಡುಗಳನ್ನೆಲ್ಲ ಅದುಮಿ ಹಿಡಿಯುತ್ತದೆ. ಭಾರವು ಬೀಳುವುದಕ್ಕೆ ಮುಂಚೆಯೇ ಚಕ್ರವು ಬಿಗಿತದಲ್ಲಿರುತ್ತದೆ. ಆದುದರಿಂದಲೇ ಕಲ್ಲು ಗುಂಡಿಗಳ ದಾರಿಯಲ್ಲಿಯೂ ಬಿಚ್ಚಿಕೊಳ್ಳುವುದಿಲ್ಲ. ಕಾಂಕ್ರೀಟಿನ ಸ್ಥಿತಿಯೂ ಹೀಗೆಯೇ. ಅದನ್ನು ಎಷ್ಟು ಅದುಮಿದರೂ ಸಹಿಸುತ್ತದೆ, ಎಳೆದರೆ ಬಿರಿಯುತ್ತದೆ. ಅದರೊಳಗೆ ಉಕ್ಕಿನ ತಂತಿಗಳ ಹುರಿಗಳನ್ನು ಹಾಯಿಸಿ, ಎಳೆದು, ಕೊನೆಗಳನ್ನು ಭದ್ರಪಡಿಸಿದರೆ, ಹುರಿಯು ಕುಗ್ಗಲು ಹವಣಿಸಿ ಕಾಂಕ್ರೀಟನ್ನು ಸದಾ ಅದುಮುತ್ತಿರುತ್ತದೆ. ಫ್ರಾನ್ಸಿನ ಯೂಜೀನ್ ಫ್ರೆಸಿನೆ ಎಂಬ ಇಂಜನಿಯರು 1928ರಲ್ಲಿ ಈ ಪದ್ಧತಿಗೆ ಸನ್ನದು ಪಡೆದನು. ಸೇತು ಎಂಬ ಸಂಸ್ಕೃತ ಶಬ್ದದ ಧಾತುವಿಗೆ ಬಿಗಿಯುವುದು, ಬಂಧಿಸುವುದು ಎಂದು ಅರ್ಥ. ನಮ್ಮ ಕನ್ನಡದ ಕಟ್ಟು ಎಂಬ ಮಾತೂ ಮನೆ ಕಟ್ಟುವುದಕ್ಕೂ ಹಗ್ಗ ಕಟ್ಟುವುದಕ್ಕೂ ಒಂದೇ. ಈ ಸೇತುವೆಗಳನ್ನು ನಿಜವಾಗಿಯೂ ಹುರಿಯಿಂದ ಕಟ್ಟುತ್ತಾರೆ.

ಗಾಂಧಿ ಸೇತುವಿನಲ್ಲಿ ಎರಡು ಕೊನೆಗಳ ಅಂಕಣಗಳನ್ನು ಬಿಟ್ಟು ನಡುವೆ 45 ಅಂಕಣಗಳಿದ್ದವು. ಒಂದೊಂದರ ಅಳತೆಯು ಸುಮಾರು 121 ಮೀಟರು, ಅಂದರೆ 397 ಅಡಿ. ಕೆಳಗೆ ಪ್ರವಾಹವಿರುವಾಗ ಅಷ್ಟು ಉದ್ದದ ತೊಲೆಗೆ ಆಸರೆಯ ಮರಗಳನ್ನು ನಿಲ್ಲಿಸುವಂತಿಲ್ಲ. ಆದುದರಿಂದ ಪ್ರತಿಯೊಂದು ಕಂಬದ ತಲೆಯಿಂದ ಎರಡು ಕಡೆಗೂ ತೋಳುಗಳನ್ನು ಚಾಚುತ್ತ ಹೋದರು. ಮೂರು ಮೀಟರಿನಷ್ಟು ಉದ್ದದ ಒಂದು ತುಂಡನ್ನು ಬಲಕ್ಕೆ ಜೋಡಿಸಿದರೆ ಅಂತಹದೇ ಇನ್ನೊಂದನ್ನು ಎಡಕ್ಕೆ. ತಕ್ಕಡಿಯ ಎರಡು ತಟ್ಟೆಗಳಂತೆ ಸಮತೂಕವು ತಪ್ಪಬಾರದು. ಪ್ರತಿ ಜೊತೆಯನ್ನೂ ಹುರಿಗಳಿಂದ ಹಿಂದಿನದಕ್ಕೆ ಬಿಗಿದು ಮುಂದುವರಿಯಬೇಕು. ಹೀಗೆ ಒಂದು ಕಂಬದ ತೋಳು ಸುಮಾರು 200 ಅಡಿ ಚಾಚಿ, ಮುಂದಿನ ಕಂಬದಿಂದ ಬಂದ ತೋಳನ್ನು ಅಂಕಣದ ನಟ್ಟನಡುವೆ ಸಂಧಿಸುತ್ತಿತ್ತು. ಆ ಸಂಧಿಸ್ಥಾನದಲ್ಲಿ ಎರಡನ್ನೂ ಒಂದಾಗಿ ಬೆಸೆಯದೆ ಒಂದು ಕೀಲನ್ನು ಇಟ್ಟರು. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಲು ತೋಳಿಗೆ ಅವಕಾಶವಿರಬೇಕು. ಆದರೆ ಒಂದು ತುದಿಯು ಮೇಲೆ, ಇನ್ನೊಂದು ಕೆಳಗೆ ಆಗಬಾರದು. ಕೀಲಿನ ಕೆಲಸವು ಇದು. ಈ ಪದ್ಧತಿಯಲ್ಲಿ ಒಂದೊಂದು ಕಂಬವೂ ತನ್ನ ಎರಡು ತೋಳುಗಳೊಡನೆ ಸ್ವತಂತ್ರವಾಗಿರುತ್ತದೆ. ಒಂದು ಕಂಬವು ಸ್ವಲ್ಪ ಇಳಿದರೂ ನೆರೆಯದಕ್ಕೆ ಬಾಧೆಯಿಲ್ಲ. 1950ರ ದಶಕದಿಂದ ಯೂರೋಪಿನಲ್ಲಿ, ಜರ್ಮನಿಯ ರೈನ್ ನದಿಯ ಮೇಲೂ, ಇದೇ ರೀತಿಯ ಸೇತುವೆಗಳನ್ನು ಕಟ್ಟಿದ್ದರು. ನಮ್ಮವರು ಅಜ್ಞಾನದಿಂದ ಮಾಡಿದ ಕೆಲಸವಲ್ಲ. ಆ ಕಾಲದ ಉತ್ತಮ ವಿದ್ಯೆಯನ್ನೇ ಅನುಸರಿಸಿದರು.

ತೊಂದರೆಯು ಹೊರಟುದು ಆ ವಿದ್ಯೆಯ ಒಳಗಿನಿಂದಲೇ. ಕಾಂಕ್ರೀಟು ಕಲ್ಲಿನಂತೆ ಕಂಡರೂ ಕಲ್ಲಲ್ಲ. ನಿರಂತರವಾಗಿ ಭಾರವನ್ನು ಹೊತ್ತಿರುವ ಕಾಂಕ್ರೀಟು ವರ್ಷಗಟ್ಟಲೆ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ, ಬಾಗುತ್ತಲೇ ಇರುತ್ತದೆ. ಪುಸ್ತಕಗಳ ಭಾರವನ್ನು ಹೊತ್ತ ಮರದ ಹಲಗೆಯು ಹತ್ತು ವರ್ಷಕ್ಕೆ ಬಗ್ಗಿಹೋಗಿರುವುದನ್ನು ತಾವು ಕಂಡಿರುತ್ತೀರಿ. ಈ ಗುಣವನ್ನು ಫ್ರೆಸಿನೆಯೇ 1910ರ ದಶಕದಲ್ಲಿ ಫ್ರಾನ್ಸಿನ ಲ ವುರ್ದ್ರ್ ಎಂಬಲ್ಲಿ ತಾನು ಕಟ್ಟಿದ ಸೇತುವೆಯ ಕಮಾನುಗಳು ಇಳಿಯುತ್ತ ಬಂದುದನ್ನು ಕಂಡು ತಿಳಿದುಕೊಂಡಿದ್ದನು. ಆದರೆ ಇಷ್ಟು ಉದ್ದದ ತೋಳುಗಳು 20, 30 ವರ್ಷಗಳಲ್ಲಿ ಎಷ್ಟು ಬಾಗುವುವೆಂಬ ಲೆಕ್ಕವು 1970ರ ಕಾಲದ ಇಂಜನಿಯರುಗಳ ಕೈಯಲ್ಲಿ ಪೂರ್ತಿಯಾಗಿ ಇರಲಿಲ್ಲ.

ತೋಳಿನ ಬಾಗುವಿಕೆಯು ಎಲ್ಲಕ್ಕಿಂತ ಹೆಚ್ಚಾಗಿ ತೋರುವುದು ಅದರ ತುದಿಯಲ್ಲಿ. ತುದಿಯಲ್ಲಿ ಇರುವುದು ಕೀಲು. ಎರಡು ತೋಳುಗಳೂ ಇಳಿದಾಗ ರಸ್ತೆಯಲ್ಲಿ ಪ್ರತಿ ಅಂಕಣದ ನಡುವೆ ಒಂದು ತಗ್ಗು ಏರ್ಪಡುತ್ತದೆ. ಲಾರಿಯ ಗಾಲಿಯು ಆ ತಗ್ಗಿಗೆ ಧುಮುಕಿ ಏರುತ್ತದೆ. ಆ ಪೆಟ್ಟು ಕೀಲಿಗೆ ಬೀಳುತ್ತದೆ. ಕೀಲು ಸವೆದಷ್ಟೂ ಪೆಟ್ಟು ಜೋರಾಗುತ್ತದೆ. ಸಂದಿಯಿಂದ ಮಳೆಯ ನೀರು ಒಳಗಿಳಿದರೆ ಉಕ್ಕಿನ ಹುರಿಗೆ ತುಕ್ಕು ಹಿಡಿಯುತ್ತದೆ. ಹುರಿಯ ಬಿಗಿತವು ಕುಗ್ಗಿದರೆ ತೋಳು ಇನ್ನಷ್ಟು ಬಾಗುತ್ತದೆ. ಹೀಗೆ ಒಂದು ರೋಗವು ಇನ್ನೊಂದನ್ನು ಬೆಳೆಸುತ್ತ ಹೋಗುತ್ತದೆ. ಪ್ರತಿಯೊಂದು ತೋಳೂ ಸ್ವತಂತ್ರವಾಗಿರುವುದರಿಂದ, ಒಂದಕ್ಕೆ ಶಕ್ತಿಯು ಕುಂದಿದರೆ ನೆರೆಯದು ಬಂದು ಭಾರವನ್ನು ಹಂಚಿಕೊಳ್ಳುವಂತೆಯೂ ಇಲ್ಲ. ಗುಣವೆಂದು ಆರಿಸಿಕೊಂಡುದೇ ಇಲ್ಲಿ ದೋಷವಾಯಿತು.

ಇದು ಪಾಟ್ನಾದ ಸೇತುವೆಯೊಂದರ ದುರದೃಷ್ಟವಲ್ಲ. ಶಾಂತಸಾಗರದ ಪಲಾವ್ ದ್ವೀಪಗಳಲ್ಲಿ 1977ರಲ್ಲಿ ಇದೇ ಜಾತಿಯ ಸೇತುವೆಯೊಂದನ್ನು ಕಟ್ಟಿದ್ದರು. ನಡುವಿನ ಅಂಕಣವೊಂದೇ 790 ಅಡಿ. ಕಾಲಕ್ರಮದಲ್ಲಿ ಅದರ ನಡುವು ಸುಮಾರು ನಾಲ್ಕು ಅಡಿ ಇಳಿಯಿತು. 1996ರಲ್ಲಿ ಕೀಲನ್ನು ತೆಗೆದು ಹೊಸ ಹುರಿಗಳನ್ನು ಬಿಗಿದರು. ಮೂರು ತಿಂಗಳೊಳಗೆ, ಅದೇ ವರ್ಷ ಸೆಪ್ಟೆಂಬರ್ 26ರಂದು, ಸೇತುವೆಯು ಒಮ್ಮೆಗೇ ಮುರಿದು ಸಮುದ್ರಕ್ಕೆ ಬಿದ್ದಿತು, ಇಬ್ಬರು ಸತ್ತರು. ಅನಂತರ ಬಂದ ಇಂಜನಿಯರುಗಳು ನಡುವೆ ಕೀಲಿರುವ ಇಂತಹ ಸೇತುವೆಗಳನ್ನು ಬಹುಮಟ್ಟಿಗೆ ಕೈಬಿಟ್ಟು, ತೋಳುಗಳನ್ನು ಒಂದಾಗಿ ಬೆಸೆಯುವ ಕ್ರಮವನ್ನೇ ಹಿಡಿದಿದ್ದಾರೆ.

ಪಾಟ್ನಾದಲ್ಲಿ ವಿದ್ಯೆಯ ಕೊರತೆಯೊಡನೆ ಬಳಕೆಯ ಒತ್ತಡವೂ ಸೇರಿತು. ಸೇತುವೆಯು ಬಂದೊಡನೆ ಉತ್ತರ ಬಿಹಾರಕ್ಕೂ ನೇಪಾಳದ ಕಡೆಗೂ ಹೋಗುವ ಸರಕೆಲ್ಲ ಅದರ ಮೇಲೆಯೇ ಹರಿಯಿತು. ಕಾನೂನಿನ ಮಿತಿಗೆ ಮೀರಿ ಹೇರಿಕೊಂಡ ಲಾರಿಗಳು ಸಾಲುಗಟ್ಟಿದವು. 1990ರ ದಶಕದಿಂದಲೇ ದುರಸ್ತಿಯ ಕೆಲಸವು ಮೊದಲಾಗಿ, ಎಂದಿಗೂ ಮುಗಿಯದಂತಾಯಿತು. ಒಂದು ಪಕ್ಕವನ್ನು ಮುಚ್ಚಿದರೆ ಇನ್ನೊಂದು ಪಕ್ಕದ ಮೇಲೆ ಎರಡರ ಭಾರವೂ ಬೀಳುತ್ತಿತ್ತು. ಐದೂವರೆ ಕಿಲೋಮೀಟರಿನ ದಾರಿಯಲ್ಲಿ ವಾಹನಗಳು ಗಂಟೆಗಟ್ಟಲೆ ನಿಂತಿರುವುದು ದಿನಚರಿಯಾಯಿತು. ರೋಗಿಯನ್ನು ಆಸ್ಪತ್ರೆಗೆ ಒಯ್ಯುವವರು, ಮದುವೆಯ ದಿಬ್ಬಣದವರು, ಪರೀಕ್ಷೆಗೆ ಹೊರಟ ಹುಡುಗರು, ಎಲ್ಲರಿಗೂ ಗಂಗೆಯು ಮತ್ತೆ ಅಗಲವಾಗಿ ಕಂಡಿತು. ಹೊಗೆಹಡಗಿಗಾಗಿ ಘಾಟಿನಲ್ಲಿ ಕಾಯುತ್ತಿದ್ದವರ ಮಕ್ಕಳು ಸೇತುವೆಯ ಮೇಲೆಯೇ ಕಾಯತೊಡಗಿದರು.

ಕೊನೆಗೆ ಕೈಗೊಂಡ ಪರಿಹಾರವು ಧೈರ್ಯದ್ದೂ ವಿವೇಕದ್ದೂ ಆಗಿತ್ತು. ಬಾವಿಗಳು ಗಟ್ಟಿಯಾಗಿವೆ, ಆದುದರಿಂದ ಅವುಗಳನ್ನು ಉಳಿಸಿಕೊಂಡು, ಮೇಲಿನ ಕಾಂಕ್ರೀಟಿನ ತೋಳುಗಳನ್ನೆಲ್ಲ ಕತ್ತರಿಸಿ ತೆಗೆದು, ಉಕ್ಕಿನ ಜಾಲರಿಯ ತೊಲೆಗಳನ್ನು ಇಡಬೇಕೆಂದು ನಿಶ್ಚಯಿಸಿದರು. ಉಕ್ಕಿನ ತೊಲೆಯು ಕಾಂಕ್ರೀಟಿನದಕ್ಕಿಂತ ಬಹಳ ಹಗುರ. ಹಳೆಯ ಅಡಿಪಾಯಕ್ಕೆ ಅದು ಭಾರವಾಗದು. ಕಾಲವಾದಂತೆ ಕಾಂಕ್ರೀಟು ಬಾಗುವ ರೀತಿಯಲ್ಲಿ ಅದು ಬಾಗುವುದೂ ಇಲ್ಲ. 2017ರಲ್ಲಿ ಕೆಲಸವು ಪ್ರಾರಂಭವಾಯಿತು. ಕಟ್ಟುವುದಕ್ಕಿಂತಲೂ ಬಿಚ್ಚುವುದು ಕಷ್ಟ. ಬಿಗಿತದಲ್ಲಿರುವ ಹುರಿಯನ್ನು ಕತ್ತರಿಸುವಾಗ ಕಟ್ಟಿದ ಕ್ರಮಕ್ಕೆ ವಿರುದ್ಧವಾಗಿ, ತುದಿಯಿಂದ ಕಂಬದ ಕಡೆಗೆ, ಎರಡು ಕಡೆಗಳ ತೂಕವನ್ನು ಸಮವಾಗಿ ಇಳಿಸುತ್ತ ಬರಬೇಕು. ಅದೂ ಪಕ್ಕದ ಹಾದಿಯಲ್ಲಿ ವಾಹನಗಳು ಓಡಾಡುತ್ತಿರುವಾಗಲೇ. ಪಶ್ಚಿಮದ ಹಾದಿಯು 2020ರ ಜುಲೈ 31ರಂದೂ, ಪೂರ್ವದ ಹಾದಿಯು 2022ರ ಜೂನ್ 7ರಂದೂ ತೆರೆದವು. ಸುಮಾರು 66,000 ಟನ್ ಉಕ್ಕು ಬೇಕಾಯಿತು. ಮೊದಲು ಇಡೀ ಸೇತುವೆಗೆ ತಗುಲಿದ್ದುದು ಸುಮಾರು 87 ಕೋಟಿ ರೂಪಾಯಿ. ಮೇಲ್ಭಾಗವನ್ನು ಬದಲಾಯಿಸಲು ತಗುಲಿದುದು 1,700 ಕೋಟಿಗೂ ಹೆಚ್ಚು. ರೂಪಾಯಿಯ ಬೆಲೆಯು ನಡುವೆ ಇಳಿದಿರುವುದು ನಿಜವಾದರೂ, ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಒಳ್ಳೆಯದು.

ಈ ಅವಧಿಯಲ್ಲಿ ಪಾಟ್ನಾಕ್ಕೆ ಇನ್ನೊಂದು ದಾರಿಯೂ ಆಯಿತು. ದೀಘಾ ಮತ್ತು ಸೋನಪುರಗಳ ನಡುವಿನ ಸೇತುವೆಯ ಮೇಲೆ 2016ರಲ್ಲಿ ರೈಲೂ 2017ರಲ್ಲಿ ರಸ್ತೆಯ ಸಂಚಾರವೂ ಆರಂಭವಾದವು. ಒಂದು ನದಿ, ಒಂದು ನಗರ, ಒಂದೇ ಸೇತುವೆ ಎಂಬ ಸ್ಥಿತಿಯು ಎಷ್ಟು ಅಪಾಯಕರವೆಂಬುದನ್ನು ಬಿಹಾರದವರು ಅನುಭವದಿಂದ ಕಲಿತರು. ಇಷ್ಟಾದರೂ ಗಂಗೆಯ ಪಾಠವು ಮುಗಿದಂತಿಲ್ಲ. ಭಾಗಲ್ಪುರ ಜಿಲ್ಲೆಯ ಸುಲ್ತಾನಗಂಜಿನಲ್ಲಿ ಇನ್ನೂ ಕಟ್ಟುತ್ತಲೇ ಇದ್ದ ಸೇತುವೆಯ ಭಾಗಗಳು 2022ರ ಏಪ್ರಿಲಿನಲ್ಲಿ ಒಮ್ಮೆಯೂ 2023ರ ಜೂನ್ 4ರಂದು ಮತ್ತೊಮ್ಮೆಯೂ ನದಿಗೆ ಕುಸಿದುಬಿದ್ದವು.

ಹಾಗಾದರೆ ಗಾಂಧಿ ಸೇತುವಿನ ವಿಷಯದಲ್ಲಿ ತಪ್ಪು ಯಾರದು? ಯೋಜಿಸಿದವರ ಮೇಲೆ ಎಲ್ಲವನ್ನೂ ಹೊರಿಸುವುದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ. ಅವರಿಗೆ ತಿಳಿದಿದ್ದುದನ್ನು ಅವರು ಮಾಡಿದರು. ತಿಳಿಯದೆ ಇದ್ದುದನ್ನು ಜಗತ್ತೆಲ್ಲವೂ ಅದೇ ಕಾಲದಲ್ಲಿ ಕಲಿಯುತ್ತಿತ್ತು. ಆದರೆ ಹೊಸ ವಿದ್ಯೆಯನ್ನು ಪ್ರಯೋಗಿಸಿದವರಿಗೆ ಹಳೆಯ ವಿದ್ಯೆಯವರಿಗಿಂತ ಹೆಚ್ಚಿನ ಎಚ್ಚರವಿರಬೇಕು. ಪ್ರತಿವರ್ಷವೂ ತೋಳಿನ ತುದಿಯನ್ನು ಅಳೆಯಬೇಕು, ಕೀಲನ್ನು ತೆರೆದು ನೋಡಬೇಕು, ಸಂದಿಯನ್ನು ಮುಚ್ಚಬೇಕು, ಭಾರದ ಮಿತಿಯನ್ನು ಬಾಯಿಮಾತಿನಲ್ಲಲ್ಲದೆ ತಕ್ಕಡಿಯಲ್ಲಿ ನಿಲ್ಲಿಸಬೇಕು. ಈ ಕೆಲಸಗಳಿಗೆ ಹಣವು ಬೇಕು, ಆದರೆ ಬಹಳ ಬೇಡ. ಅವುಗಳಿಗೆ ಉದ್ಘಾಟನೆಯಿಲ್ಲ, ಹಾರವಿಲ್ಲ, ವರ್ತಮಾನಪತ್ರಿಕೆಗಳಲ್ಲಿ ಚಿತ್ರವಿಲ್ಲ. ಆದುದರಿಂದಲೇ ಅವು ಮುಂದಕ್ಕೆ ಹೋಗುತ್ತವೆ. ಹೊಸ ಸೇತುವೆಯನ್ನು ಕೇಳಲು ನಾವು ನಿಯೋಗ ಹೋಗುತ್ತೇವೆ. ಇರುವ ಸೇತುವೆಯನ್ನು ನೋಡಿಕೊಳ್ಳಿ ಎಂದು ಕೇಳಲು ನಾವು ಯಾವ ಊರಿನಿಂದಲೂ ನಿಯೋಗ ಹೋದುದನ್ನು ನಾನು ಕೇಳಿಲ್ಲ. ನಮ್ಮ ಪಾಲಿನ ಹೊಣೆಯು ಇಲ್ಲಿದೆ.

ನದಿಯನ್ನು ದಾಟಿಸುವ ಅಂಬಿಗನು ವರ್ಷಕ್ಕೊಮ್ಮೆ ತನ್ನ ದೋಣಿಯನ್ನು ದಡಕ್ಕೆ ಎಳೆದು ಮಗುಚಿ ಹಾಕಿ, ಸಂದುಗಳನ್ನು ಹುಡುಕಿ ಮುಚ್ಚಿ, ಎಣ್ಣೆಯನ್ನೋ ಡಾಮರನ್ನೋ ಬಳಿಯುತ್ತಾನೆ. ತನ್ನ ಜೀವವೂ ಅದೇ ದೋಣಿಯಲ್ಲಿದೆಯೆಂಬುದನ್ನು ಅವನು ಮರೆಯುವುದಿಲ್ಲ. ಸೇತುವೆಯನ್ನು ಕಟ್ಟಿ ಅಂಬಿಗನಿಗೆ ವಿಶ್ರಾಂತಿಯನ್ನು ಕೊಟ್ಟ ನಾವು ಅವನ ಆ ಅಭ್ಯಾಸವನ್ನು ಮಾತ್ರ ಅವನೊಡನೆ ಕಳುಹಿಸಿಬಿಡಬಾರದಾಗಿತ್ತು. ಪಾಟ್ನಾದ ಹೊಸ ಉಕ್ಕಿನ ತೊಲೆಗಳಿಗೂ ತುಕ್ಕು ಹಿಡಿಯುವುದುಂಟು, ಬಣ್ಣ ಬೇಕು, ತಿರುಪುಮೊಳೆಗಳನ್ನು ಪರೀಕ್ಷಿಸುವ ಕೈ ಬೇಕು. ಕೆಳಗಿನ ಬಾವಿಗಳು ಐವತ್ತು ವರ್ಷದ ಹಿಂದೆ ಕೆಲಸಮಾಡಿದವರ ಶ್ರದ್ಧೆಯಿಂದ ಇನ್ನೂ ನಿಂತಿವೆ. ಮೇಲಿನದು ಎಷ್ಟು ಕಾಲ ನಿಲ್ಲುವುದೆಂಬುದು ಇನ್ನು ಮುಂದೆ ಅದನ್ನು ನೋಡಿಕೊಳ್ಳುವವರ ಕೈಯಲ್ಲಿದೆ.